ಮೀಸಲು ತುಪ್ಪ ಮತ್ತು ಬಿಳಿ ಗುಳಿಗೆ

ನಮ್ಮ ಅತ್ತೆಗೆ ಗುಟ್ಟು ಹೇಳುವುದೂ ಒಂದೇ, ಊರಲ್ಲಿ ಡಂಗುರ ಸಾರುವುದೂ ಒಂದೇ. ಎಪ್ಪತ್ತೈದು ದಾಟಿದ ಮಲಕವ್ವನಿಗೆ ಎರಡೂ ಕಿವಿ ಮಂದ. ಕೂಗಿ ಹೇಳಿದರೆ ಮಾತ್ರ ಕೇಳುತ್ತದೆ, ಕೂಗಿದರೆ ಓಣಿಯ ಮಂದಿಗೆಲ್ಲ ಕೇಳುತ್ತದೆ. ಹಾಗಾಗಿ ಮುಚ್ಚಿಡುವ ಮಾತೇನಾದರೂ ಇದ್ದರೆ ನಾವು ಅವರನ್ನು ಕರೆದುಕೊಂಡು ಹೊಳೆ ದಂಡೆಯ ಕಬ್ಬಿನ ಹೊಲಕ್ಕೆ ಹೋಗುತ್ತೇವೆ. ಅಲ್ಲಿ ಎಷ್ಟು ಕಿರುಚಿದರೂ ಕೇಳಿಸಿಕೊಳ್ಳುವುದಕ್ಕೆ ಕಬ್ಬು ಬಿಟ್ಟರೆ ಯಾರೂ ಇಲ್ಲ.

ನಾನು ಭೀಮಾಬಾಯಿ, ನಿಪ್ಪಾಣಿ ಕಡೆಯ ಭೋಜ ಊರಿನ ಕುರಿಗಾರರ ಮನೆಯ ಹಿರಿಯ ಸೊಸೆ. ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆ ಕಲಿತಿದ್ದೇನೆ. ಸಿಟ್ಟು ಮೂಗಿನ ಮೇಲೆಯೇ ಇರುತ್ತದೆ, ಇದನ್ನು ನಾನೇ ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ಇನ್ನೊಬ್ಬರು ಹೇಳುತ್ತಾರೆ. ಆದರೆ ತೊಂಬತ್ತೆರಡನೆಯ ಇಸವಿಯಲ್ಲಿ ನನಗೆ ಬಂದದ್ದು ಬರೀ ಸಿಟ್ಟಲ್ಲ. ಐವತ್ತು ತುಂಬಿತ್ತು, ಮುಟ್ಟು ನಿಂತು ಒಂದು ವರ್ಷವಾಗಿತ್ತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ಕೂತಿದ್ದಾಗ ಎದೆಯೊಳಗಿಂದ ಒಂದು ಝಳ ಎದ್ದು ಕುತ್ತಿಗೆ, ಮುಖ, ಕಿವಿ ಎಲ್ಲ ಸುಡುತ್ತಾ ನೆತ್ತಿಗೆ ಏರುತ್ತಿತ್ತು. ಕುಪ್ಪಸ ಹಿಂಡಿದರೆ ನೀರು ಬರಬೇಕು, ಅಷ್ಟು ಬೆವರು. ಹೆಂಚಿನ ಮೇಲೆ ರೊಟ್ಟಿಯನ್ನು ಸುಡಲು ಬಿಟ್ಟು, ಹಿತ್ತಲಿಗೆ ಓಡಿ, ದನ ನೀರು ಕುಡಿಯುವ ಕಲ್ಲಿನ ಬಾನಿಯಿಂದ ತಂಬಿಗೆ ತುಂಬಿ ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದೆ. ಎಮ್ಮೆಗಳು ನನ್ನನ್ನೇ ನೋಡುತ್ತಿದ್ದವು.

ಅತ್ತೆಯೂ ನೋಡುತ್ತಿದ್ದರು. ಹಿತ್ತಲ ಬಾಗಿಲಲ್ಲಿ ನಿಂತು ನೋಡಿ, ಒಂದೂ ಮಾತಾಡದೆ ಒಳಗೆ ಹೋಗುತ್ತಿದ್ದರು. ಏನಾಯಿತು ಅಂತ ಒಂದು ಮಾತು ಕೇಳಬಾರದೇ ಈ ಮುದುಕಿ, ಅಂತ ನನಗೆ ಇನ್ನಷ್ಟು ಉರಿಯುತ್ತಿತ್ತು.

ನನ್ನ ಗಂಡ ಅಣ್ಣಾಸಾಬ ಮಾತ್ರ ಪಾಪದ ಮನುಷ್ಯ. ಮೂರೆಕರೆ ಕಬ್ಬು, ಅರವತ್ತು ಕುರಿ, ಅವರ ಲೋಕ ಅಷ್ಟೆ. ಗುಲ್ಕಂದ ತಂದರು, ಸಬ್ಬಸಗಿ ಬೀಜ ನೆನೆಸಿ ಕೊಟ್ಟರು, ಕಿಟಕಿಗೆ ಗೋಣಿತಟ್ಟು ಹಸಿ ಮಾಡಿ ಕಟ್ಟಿದರು. ರಾತ್ರಿ ನಾನು ಮೂರು ಸಲ ಸೀರೆ ಬದಲಿಸಿದರೆ ಮೂರು ಸಲವೂ ಎದ್ದು ಕೂರುತ್ತಿದ್ದರು. ಒಂದು ಬೆಳಗ್ಗೆ ನನ್ನ ಮುಖ ನೋಡಿ ಹೇಳಿದರು: "ಕುರಿ ಆಗಿದ್ದಿ ಅಂದ್ರ ತುಪ್ಪಳಾ ಕತ್ತರಿಸಿ ಬಿಡತಿದ್ನಿ. ನಿನಗೇನ ಮಾಡ್ಲಿ ಹೇಳ ಬೇ."

ನಾನು ಕೈಯಲ್ಲಿದ್ದ ರೊಟ್ಟಿಯನ್ನು ಅವರ ಮೇಲೆ ಎಸೆದೆ. ಅವರು ಅದನ್ನು ಎತ್ತಿಕೊಂಡು, ಧೂಳು ಝಾಡಿಸಿ, ಚಟ್ನಿ ಹಚ್ಚಿಕೊಂಡು ತಿಂದರು. ತಿಂದು ಮುಗಿಸಿ, "ಚಪ್ಪಲ ಮೆಟ್ಟಕೋ, ನಿಪ್ಪಾಣಿಗೆ ಹೋಗೂಣು" ಅಂದರು. ನನಗೆ ಅಳು ಬಂತು. ಇಂಥ ಗಂಡನ ಮೇಲೆ ರೊಟ್ಟಿ ಎಸೆಯುವಷ್ಟು ಹದಗೆಟ್ಟಿದ್ದೇನಲ್ಲ ಅಂತ.

ನಿಪ್ಪಾಣಿಯ ಡಾಕ್ಟರಬಾಯಿ ನನಗಿಂತ ಸಣ್ಣವರು. ಬಿ.ಪಿ. ನೋಡಿದರು, ಎದೆ ಮುಟ್ಟಿ ನೋಡಿದರು. ಮನೆಯಲ್ಲಿ ಯಾರಿಗಾದರೂ ಎದೆಯ ಗಡ್ಡೆ ಆಗಿತ್ತೇ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತೇ ಅಂತ ಕೇಳಿ ಬರೆದುಕೊಂಡರು. ನಮ್ಮ ಇವರನ್ನು ಹೊರಗೆ ಕೂರಿಸಿದ್ದರಿಂದ ನಾನು ಎಲ್ಲವನ್ನೂ ಬಿಚ್ಚಿ ಹೇಳಿದೆ.

"ಬಾಯಿ, ನಿಮಗ ಹುಚ್ಚೂ ಹಿಡದಿಲ್ಲ, ದೆವ್ವಾನೂ ಬಡದಿಲ್ಲ," ಅಂದರು. "ಮುಟ್ಟ ನಿಂತಮ್ಯಾಲ ಮೈಯಾಗಿನ ಹಾರ್ಮೋನ ಕಡಿಮಿ ಆಗತೈತಿ. ಅದಕ್ಕ ಈ ಝಳ. ಭಾಳ ಮಂದಿಗೆ ತಾನ ಕಡಿಮಿ ಆಗತೈತಿ, ನಿಮಗ ಜೋರ ಐತಿ. ಗುಳಿಗಿ ಕೊಡತೀನಿ."

ಎರಡು ಬಗೆಯ ಗುಳಿಗೆ. ಕಂದು ಬಣ್ಣದ್ದು ದಿನಕ್ಕೊಂದರಂತೆ ಇಪ್ಪತ್ತೈದು ದಿನ. ಅದರಲ್ಲಿ ಕೊನೆಯ ಹತ್ತು ದಿನ ಜೊತೆಗೆ ಒಂದು ಸಣ್ಣ ಬಿಳಿ ಗುಳಿಗೆ. ಆಮೇಲೆ ಐದಾರು ದಿನ ಎರಡೂ ಬಂದ್. ಮತ್ತೆ ಮೊದಲಿನಿಂದ ಶುರು.

"ಆ ಬಂದ್ ಮಾಡಿದ ದಿನದಾಗ ತಿಂಗಳದ್ದು ಸ್ವಲ್ಪ ಕಾಣಿಸ್ಕೋತೈತಿ," ಅಂದರು. "ಗರ್ಭಚೀಲ ಇದ್ದವರಿಗೆ ಅದು ಬೇಕ. ಹೆದರಬ್ಯಾಡ್ರಿ."

ಹೆದರಬೇಡಿ ಅಂದರು. ಅವರಿಗೇನು ಗೊತ್ತು?

ನಮ್ಮ ಮನೆದೇವರು ಮಲಕಾರಿಸಿದ್ಧ. ಊರ ಹೊರಗಿನ ಅವನ ಗುಡಿಯ ದೀಪಕ್ಕೆ ತುಪ್ಪ ನಮ್ಮ ಮನೆಯಿಂದಲೇ ಹೋಗಬೇಕು. ಅದಕ್ಕಾಗಿ ಒಂದು ಎಮ್ಮೆ ಮೀಸಲು. ಅದರ ಹಾಲನ್ನು ಮನೆಯವರು ಯಾರೂ ಬಾಯಿಗೆ ಹಚ್ಚುವುದಿಲ್ಲ. ವಾರವಿಡೀ ಹೆಪ್ಪು ಹಾಕಿ ಕೂಡಿಟ್ಟದ್ದನ್ನು ಸೋಮವಾರ ಬೇರೆ ಗಡಿಗೆಯಲ್ಲಿ ಕಡೆದು, ಬೆಣ್ಣೆ ತೆಗೆದು ಕಾಯಿಸಬೇಕು. ಆ ಗಡಿಗೆಯನ್ನು ಮುಟ್ಟುವವಳು ಮುಟ್ಟು ಪೂರಾ ನಿಂತವಳೇ ಆಗಿರಬೇಕು. ಗಂಡ ಇರಲಿ ಬಿಡಲಿ, ಅದನ್ನು ದೇವರು ಕೇಳುವುದಿಲ್ಲ. ಇದೊಂದನ್ನು ಮಾತ್ರ ಕೇಳುತ್ತಾನೆ.

ಹದಿನಾರಕ್ಕೆ ಈ ಮನೆಗೆ ಬಂದವಳು ನಾನು. ಅತ್ತೆ ನನ್ನ ಪಾಲಿಗೆ ಸುಲಭದ ಹೆಂಗಸಾಗಿರಲಿಲ್ಲ. ನನ್ನ ಸಿಟ್ಟು ಅವರದ್ದರ ಮುಂದೆ ಏನೂ ಅಲ್ಲ. ಅಂಬಲಿಯ ಗಡಿಗೆ ಒಡೆದಿದ್ದಾರೆ, ನನ್ನ ರಟ್ಟೆ ಚಿವುಟಿದ್ದಾರೆ. ನನಗೆ ಇಪ್ಪತ್ತೈದಿರುವಾಗ ಒಂದು ಚಳಿಗಾಲದಲ್ಲಿ ಕಂಬಳಿ ಕಿತ್ತೆಸೆದು ಅಂಗಳದ ಬರಿ ನೆಲದಲ್ಲಿ ಮಲಗತೊಡಗಿದರು. ದೆವ್ವ ಹೊಕ್ಕಿದೆ ಅಂತ ಮಾವ ಯಾರನ್ನೋ ಕರೆಸಿ ಬೇವಿನ ತೊಪ್ಪಲು, ಮೆಣಸಿನಕಾಯಿ ಹೊಗೆ ಹಾಕಿಸಿದ್ದರು. ಹೊಗೆಗೆ ಕೆಮ್ಮಿ ಕೆಮ್ಮಿ ದೆವ್ವ ಓಡಿಹೋಯಿತು ಅಂತ ನಾವು ಸೊಸೆಯಂದಿರು ಒಳಗೊಳಗೇ ನಕ್ಕಿದ್ದೆವು. ಆದರೆ ಸೋಮವಾರ ಕಡೆಗೋಲು ಹಿಡಿದು ಕೂತಾಗ ಅತ್ತೆ ಬೇರೆಯೇ ಹೆಂಗಸು. ಮುಖದಲ್ಲಿ ಒಂದು ಸಮಾಧಾನ. ಆ ಹೊತ್ತಿನಲ್ಲಿ ಅವರನ್ನು ನೋಡುವುದು ನನಗೆ ಇಷ್ಟವಾಗುತ್ತಿತ್ತು.

ಕಿವಿ ಹೋದಮೇಲೆ ಅವರಿಗೆ ಕಡೆಯುವುದು ಆಗದಾಯಿತು. ಮೊಸರು ಕಡೆಯುವಾಗ ಬೆಣ್ಣೆ ಬಂದದ್ದು ಸಪ್ಪಳದಲ್ಲಿ ಗೊತ್ತಾಗುತ್ತದೆ. ಮೊದಲು ಸರ್ ಸರ್ ಅನ್ನುತ್ತದೆ, ಆಮೇಲೆ ಭಾರವಾಗಿ ಧಪ್ ಧಪ್ ಅನ್ನುತ್ತದೆ. ಆ ಗಳಿಗೆಗೆ ಸರಿಯಾಗಿ ತಣ್ಣೀರು ಬಿಡಬೇಕು. ತಪ್ಪಿದರೆ ಬೆಣ್ಣೆ ಕಟ್ಟದೆ ಮಜ್ಜಿಗೆಯಲ್ಲೇ ಕರಗಿ ಹೋಗುತ್ತದೆ. ಅವರ ಕಣ್ಣಿಗೂ ಪೊರೆ ಬಂದಿತ್ತು. ನನ್ನ ಮುಟ್ಟು ನಿಂತ ವರ್ಷ ಗಡಿಗೆಯನ್ನು ನನ್ನ ಮುಂದೆ ಇಟ್ಟರು. ಮೊದಲ ಸಲ ನಾನು ಬೆಣ್ಣೆ ತೆಗೆದಾಗ ಹತ್ತಿರ ಬಂದು ಬಗ್ಗಿ ನೋಡಿ, "ನಿನ್ನ ಕೈಯಾಗ ಚೊಲೊ ಕಟ್ಟತೈತಿ" ಅಂದರು. ಮೂವತ್ತನಾಲ್ಕು ವರ್ಷದಲ್ಲಿ ಆ ಬಾಯಿಂದ ನನಗೆ ಸಿಕ್ಕ ಮೊದಲ ಒಳ್ಳೆ ಮಾತು. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ನನ್ನ ಕೈಯಿಂದ ಹೋದರೆ ಗಡಿಗೆ ಬೇಡಕಿಹಾಳದಲ್ಲಿರುವ ನೆಗೆಣ್ಣಿ, ಮೈದುನನ ಹೆಂಡತಿ ರಾಮವ್ವನ ಮನೆ ಸೇರುತ್ತದೆ. ಅವಳಿಗೆ ನಲವತ್ತನಾಲ್ಕಕ್ಕೇ ನಿಂತಿತ್ತು, ಆಗಿನಿಂದ ಎರಡು ಸಲ ಕೇಳಿದ್ದಾಳೆ.

ಬಸ್ಸಿನಲ್ಲಿ ಬರುವಾಗ ಇವರು ಚಿರಮುರಿಯ ಪೊಟ್ಟಣ ನನ್ನ ಮುಂದೆ ಹಿಡಿದು, "ಡಾಕ್ಟರಬಾಯಿ ಏನಂದ್ರು?" ಅಂದರು. "ಗುಳಿಗಿ ತಗೋ ಅಂದ್ರು" ಅಂದೆ. ಬಿಳಿ ಗುಳಿಗೆಯ ಮಾತು ಎತ್ತಲಿಲ್ಲ.

ನಾನು ಮಾಡಿದ್ದು ಇಷ್ಟೆ. ಕಂದು ಗುಳಿಗೆಯನ್ನು ತಪ್ಪದೆ ನುಂಗಿದೆ. ಝಳ ಕಳೆಯುವುದು ಅದರಿಂದ. ಬಿಳಿ ಗುಳಿಗೆಯನ್ನು ನುಂಗಲಿಲ್ಲ. ಮುಟ್ಟು ತರುವುದು ಅದು ಅಂತ ಲೆಕ್ಕ ಹಾಕಿದ್ದೆ. ಎಸೆಯಲು ಮನಸ್ಸು ಬರಲಿಲ್ಲ, ತಿಪ್ಪೆಗೆ ಹಾಕಿದರೆ ಯಾರಾದರೂ ನೋಡುತ್ತಾರೆ. ಒಂದು ಅರಿವೆಯ ಗಂಟಿನಲ್ಲಿ ಕಟ್ಟಿ ಮೀಸಲು ಗಡಿಗೆಯ ಹಿಂದಿನ ಗೂಡಿನಲ್ಲಿ ಬಚ್ಚಿಟ್ಟೆ. ನನ್ನನ್ನು ಬಿಟ್ಟು ಬೇರೆ ಯಾರೂ ಅಲ್ಲಿಗೆ ಕೈ ಹಾಕುವುದಿಲ್ಲವಲ್ಲ! ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಮೂರು ವಾರದಲ್ಲಿ ಮೈ ತಣ್ಣಗಾಯಿತು. ನಿದ್ದೆ ಬಂತು. ರೊಟ್ಟಿ ಸುಡುವುದು ನಿಂತಿತು. ಇವರು ಕುರಿ ಹೊಡೆದುಕೊಂಡು ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು, "ಇವತ್ತ ಏನೂ ಒಗೀಲಿಲ್ಲಲ್ಲ ಬೇ ನನ್ನ ಮ್ಯಾಲ, ಆರಾಮ ಅದಿಯಿಲ್ಲೋ?" ಅಂತ ಕಿಚಾಯಿಸುತ್ತಿದ್ದರು. ಐದು ತಿಂಗಳು ಹೀಗೇ ಸುಖವಾಗಿ ಕಳೆದವು.

ಆರನೆಯ ತಿಂಗಳ ಒಂದು ಸೋಮವಾರ, ಕಡೆಯುತ್ತಾ ಕೂತಿದ್ದಾಗಲೇ ಸೀರೆ ಒದ್ದೆಯಾದದ್ದು ಗೊತ್ತಾಯಿತು. ಬೆವರಲ್ಲ. ಎದ್ದು ಹೋಗಬೇಕಿತ್ತು. ಬೆಣ್ಣೆ ಬರುವ ಹೊತ್ತು, ಅತ್ತೆ ಎದುರಿಗೇ ಕೂತಿದ್ದರು. ನಾನು ಏಳಲಿಲ್ಲ. ಬೆಣ್ಣೆ ತೆಗೆದೆ, ತುಪ್ಪ ಕಾಯಿಸಿದೆ, ಇವರ ಕೈಯಲ್ಲಿ ಗುಡಿಗೆ ಕಳಿಸಿದೆ. ಅವತ್ತು ದೇವರ ಕಡೆ ತಲೆ ಎತ್ತಿ ನೋಡುವ ಧೈರ್ಯ ನನಗಾಗಲಿಲ್ಲ.

ಎಂಟು ದಿನವಾದರೂ ನಿಲ್ಲಲಿಲ್ಲ. ಮತ್ತೆ ನಿಪ್ಪಾಣಿ. ಡಾಕ್ಟರಬಾಯಿ ಕೇಳಿದ ಮೊದಲ ಪ್ರಶ್ನೆಯೇ, "ಬಿಳೀ ಗುಳಿಗಿ ತಗೊಂಡೀರಿ?"

"ಹೌದ್ರಿ."

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ನಾನು ಸೆರಗಿನ ತುದಿ ತಿರುವುತ್ತಾ, "ಇಲ್ರಿ" ಅಂದೆ.

ಅವರು ಬೈದ ಬೈಗುಳ ನಮ್ಮ ಅತ್ತೆಗೂ ಬರುವುದಿಲ್ಲ. ಆಮೇಲೆ ದನಿ ಇಳಿಸಿ ಕೇಳಿದರು: "ಹೊಲ ಐತಿ ಅಲ್ರಿ ನಿಮ್ಮದು? ಬರೇ ನೀರ ಬಿಟ್ಕೋತ ಹೋಗಿ ಕಸಾ ತಗೀಲಿಲ್ಲಂದ್ರ ಏನಾಗತೈತಿ?"

"ಕಸಾನ ಬೆಳೀತೈತ್ರಿ."

"ಕಂದ ಗುಳಿಗಿ ಗರ್ಭಚೀಲದ ಪದರಕ್ಕ ನೀರ ಬಿಟ್ಟಂಗ. ಬಿಳೀದು ಕಸಾ ತಗದಂಗ. ಆ ಕಸಾನ ನೀವು ತಿಂಗಳದ್ದು ಅನ್ನೂದು. ಅದು ಹೊರಗ ಬರಬೇಕ. ಒಳಗ ಬೆಳೀತಂದ್ರ ಒಂದ ದಿವಸ ಕ್ಯಾನ್ಸರಿಗೆ ಹೋಗಬಹುದು. ತಿಳೀತೇನ್ರಿ?"

ಒಳಗಿನದನ್ನೆಲ್ಲ ಸ್ವಚ್ಛ ಮಾಡಿ, ಒಂದು ತುಣುಕನ್ನು ಪರೀಕ್ಷೆಗೆ ಮಿರಜಿಗೆ ಕಳಿಸಿದರು. ಹತ್ತು ದಿನ ಊಟ ಸೇರಲಿಲ್ಲ. ರಿಪೋರ್ಟ್ ಬಂತು, ಕೆಟ್ಟದ್ದೇನೂ ಇರಲಿಲ್ಲ. "ನುಂಗಿದ್ರ ಎರಡೂ ನುಂಗ್ರಿ. ಇಲ್ಲಂದ್ರ ಎರಡೂ ಬಿಡ್ರಿ. ಅರ್ಧಾ ಆಟ ಬ್ಯಾಡ," ಅಂತ ಡಾಕ್ಟರಬಾಯಿ ನನ್ನ ಕೈ ಹಿಡಿದು ಹೇಳಿದರು.

ನಾನು ಎರಡನ್ನೂ ಬಿಟ್ಟೆ. ಡಾಕ್ಟರರೇ ಬಿಡಲು ಹೇಳಿದರು ಅಂತ ಇವರಿಗೆ ಸುಳ್ಳು ಹೇಳಿದೆ. ಗಡಿಗೆ ನನ್ನ ಹತ್ತಿರ ಉಳಿಯಿತು. ತಿಂಗಳೊಳಗೆ ಝಳವೂ ಮರಳಿ ಬಂತು, ಮೊದಲಿಗಿಂತ ಜೋರಾಗಿ. ಮತ್ತೆ ಅದೇ ಬಾನಿ, ಅದೇ ತಂಬಿಗೆ, ಅದೇ ಎಮ್ಮೆಗಳು. ಹಿತ್ತಲ ಬಾಗಿಲಲ್ಲಿ ಅದೇ ಅತ್ತೆ.

ಒಂದು ಮಧ್ಯಾಹ್ನ ತಲೆಯಿಂದ ನೀರು ಸೋರುತ್ತಾ ಒಳಗೆ ಬಂದೆ. ಅತ್ತೆ ಪಡಸಾಲೆಯಲ್ಲಿ ಕೂತಿದ್ದರು. ಮುಂದೆ ನನ್ನ ಅರಿವೆಯ ಗಂಟು ಬಿಚ್ಚಿಕೊಂಡಿತ್ತು. ಬಿಳಿ ಗುಳಿಗೆಗಳು ಮೊರದಲ್ಲಿ ಹರಡಿದ್ದವು, ಅಕ್ಕಿ ಆರಿಸಲು ಹರಡಿದಂತೆ. ಗೂಡಿನಲ್ಲಿ ಇಲಿ ಸೇರಿತ್ತಂತೆ, ಕೈ ಹಾಕಿದರಂತೆ.

"ಏನ ಬೇ ಇವು?" ಅಂತ ಓಣಿಗೆಲ್ಲ ಕೇಳುವಂತೆ ಕೇಳಿದರು.

ನಾನು ಬಾಯಿಯ ಮೇಲೆ ಬೆರಳಿಟ್ಟೆ. ಅವರು ನನ್ನ ಮುಖ ನೋಡಿದರು, ಕೋಲು ತೆಗೆದುಕೊಂಡರು, "ನಡಿ ಹೊಲಕ್ಕ" ಅಂದರು.

ಎದೆಮಟ್ಟ ಬೆಳೆದ ಕಬ್ಬಿನ ನಡುವಿನ ಬದುವಿನಲ್ಲಿ ಕೂತೆವು. ಹೊಟ್ಟೆಯೊಳಗಿದ್ದದ್ದನ್ನೆಲ್ಲ ನಾನು ಕಿರುಚಿ ಹೇಳಿದೆ. ಝಳದ ಮಾತು, ಗುಳಿಗೆಯ ಮಾತು, ಮುಟ್ಟಿನ ಮಾತು. ಇಂಥ ಮಾತನ್ನು ಅತ್ತೆಗೆ ಪಿಸುಗುಟ್ಟಿ ಹೇಳುವುದೇ ಕಷ್ಟ, ನಾನು ಕೂಗಿ ಹೇಳಬೇಕಾಯಿತು. ಒಂದು ಕೊಕ್ಕರೆ ಹೆದರಿ ಎದ್ದು ಹೋಯಿತು. ಕೊನೆಗೆ ಆ ಸೋಮವಾರದ್ದನ್ನೂ ಹೇಳಿದೆ.

"ಆಗ್ಯೂ ಏಳಲಿಲ್ರಿ ಅತ್ತೀ! ಹಂಗ ಕಡದ ತುಪ್ಪಾ ಕಳಿಸಿದ್ನಿ!"

ಅತ್ತೆ ಕೋಲನ್ನು ಬದುವಿಗೆ ಊರಿ ನನ್ನ ಕಡೆ ತಿರುಗಿದರು. ಆಮೇಲೆ ಕೇಳಿದರು, "ಆ ತುಪ್ಪದ ದೀಪಾ ಹತ್ತೇತಿಲ್ಲೋ?"

"ಹತ್ತೇತ್ರಿ!"

"ಹಂಗಾರ ಬಿಡು."

ನಾನು ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡಿದ್ದೆ, ಇದಕ್ಕಲ್ಲ. ಅವರು ಕೋಲಿನಿಂದ ಮಣ್ಣು ಕೆದರುತ್ತಾ ಹೇಳತೊಡಗಿದರು. ದನಿ ಎಂದಿನಂತೆ ಜೋರಾಗಿಯೇ ಇತ್ತು.

"ನನಗ ಏಳ ವರ್ಷ ಇತ್ತ ಈ ಬೆಂಕಿ. ಹೆಸರ ಗೊತ್ತಿರಲಿಲ್ಲ. ಕಂಬಳಿ ಹೊದ್ದರ ಒಳಗ ಬೇಯತಿದ್ನಿ. ಅಂಗಳದಾಗ ನೆಲಾ ತಣ್ಣಗ ಇರತಿತ್ತು, ಅದಕ್ಕ ಹೋಗಿ ಮಲಗತಿದ್ನಿ. ನಿಮ್ಮ ಮಾವ ದೆವ್ವ ಅಂದ. ಬೆಂಕಿ ಒಳಗಿತ್ತು, ಮ್ಯಾಲ ಹೊಗೀನೂ ಹಾಕಿದ್ರು."

ನಾನು ಸೆರಗಿನಿಂದ ಒದ್ದೆ ಮುಖ ಮುಚ್ಚಿಕೊಂಡೆ.

"ಮೊರದ್ಲೆ ಬೀಸಿದಾಕಿ ನೀನ ಅಲ್ಲೇನ?" ಅಂದರು.

ನಾನೇ. ಕೆಂಡದ ಮೇಲೆ ಮೆಣಸಿನಕಾಯಿ ಸುರಿದು, ಅತ್ತೆಯ ಮುಖಕ್ಕೆ ಮೊರದಿಂದ ಹೊಗೆ ಬೀಸಿದವಳು ನಾನೇ. ಹಿಂದಿನ ವಾರ ಅವರು ಚಿವುಟಿದ್ದರಿಂದ ರಟ್ಟೆ ಇನ್ನೂ ನೋಯುತ್ತಿತ್ತು. ಆ ಸಿಟ್ಟಿನಲ್ಲಿ ಬೇಕಾದದ್ದಕ್ಕಿಂತ ಜೋರಾಗಿಯೇ ಬೀಸಿದ್ದೆ. ಅದು ನನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ.

"ಹೌದ್ರಿ," ಅಂದೆ. ಕೂಗಲು ದನಿಯೇ ಏಳಲಿಲ್ಲ. ಆದರೂ ಅವರಿಗೆ ತಿಳಿಯಿತು.

"ಅಬ್ಬಬ್ಬಾ, ಏನ ಬೀಸಿದೆವ್ವಾ ತಾಯಿ!" ಅಂತ ಬೊಚ್ಚು ಬಾಯಿ ತೆರೆದು ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. ನಾನು ಅವರ ಮೊಣಕಾಲಿಗೆ ತಲೆ ಹಚ್ಚಿ ಅತ್ತುಬಿಟ್ಟೆ. ಅವರ ಕೈ ನನ್ನ ಒದ್ದೆ ತಲೆಯ ಮೇಲೆ ಬಂತು. "ನಿನ್ನ ಬಾನೀ ಮುಂದ ನೋಡಿದಾಗೊಮ್ಮೆ ನನಗ ಗೊತ್ತಾಗತಿತ್ತ ಭೀಮಿ. ಹೇಳಿದ್ರ ಏನ ಮಾಡೂದು, ಮದ್ದಿಲ್ಲ ಅಂತ ಸುಮ್ಮನ ಇದ್ನಿ. ಮದ್ದ ಇತ್ತಂತ! ನನಗ ಆಗ ಯಾರರೆ ಕೊಟ್ಟಿದ್ರ ಗಡಿಗೀನ ಹೊಳಿಯಾಗ ಬಿಟ್ಟ ನುಂಗತಿದ್ನಿ. ನಿನ್ನೂ ಅಷ್ಟ ಚಿವುಟತಿರಲಿಲ್ಲ."

"ಗಡಿಗಿ ರಾಮವ್ವಗ ಹೋಗತೈತ್ರಿ!" ಅಂತ ಕೂಗಿದೆ. ಅಷ್ಟು ಅತ್ತರೂ ಅದು ಮಾತ್ರ ಮರೆತಿರಲಿಲ್ಲ ನೋಡಿ.

"ಯಾಕ ಹೋಗತೈತಿ? ನಾ ಸತ್ತೇನೇನ?" ಅಂದರು. "ನಾ ಕಡೀತೀನಿ. ನೀ ಹೊರಗ ಕಟ್ಟೀ ಮ್ಯಾಲ ಕುಂತ ಸಪ್ಪಳಾ ಕೇಳು. ಬೆಣ್ಣಿ ಬಂದ ಕೂಡ್ಲೆ ಒದರು. ದೇವರ ಗಡಿಗಿ ಮುಟ್ಟಬಾರದು ಅಂತ ಐತಿ, ಕೇಳಬಾರದು ಅಂತ ಯಾರೂ ಹೇಳಿಲ್ಲ."

ಆ ಸಂಜೆಯೇ ಇವರಿಗೆ ನಿಜ ಹೇಳಿದೆ. ಇವರು ಗೋಡೆಯ ಮರಾಠಿ ಕ್ಯಾಲೆಂಡರಿನಲ್ಲಿ ಯಾವ ದಿನ ಯಾವ ಗುಳಿಗೆ ಅಂತ ಸುಣ್ಣದಿಂದಲೂ ಗೇರುವಿನ ಕೆಮ್ಮಣ್ಣಿನಿಂದಲೂ ಬೊಟ್ಟು ಇಟ್ಟರು. ಕುರಿಗಳಿಗೆ ಗುರುತು ಹಾಕುವ ಹಾಗೆ.

ಅಂದಿನಿಂದ ಎರಡೂ ಗುಳಿಗೆ ನುಂಗುತ್ತಿದ್ದೇನೆ. ಬೆಳಗ್ಗೆ ಅತ್ತೆ ಪಡಸಾಲೆಯಿಂದ, "ಬಿಳೀದ ನುಂಗಿದೀ ಏನ?" ಅಂತ ಒದರುತ್ತಾರೆ. ಗುಟ್ಟು ಓಣಿಗೆಲ್ಲ ಬಯಲಾಯಿತು. ನಾನು ನಾಚಿಕೆಯಿಂದ ಸಾಯುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಮೂರನೆಯ ಮನೆಯ ಸೀತವ್ವ ಹಿತ್ತಲಿನಿಂದ ಬಂದು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, "ಡಾಕ್ಟರಬಾಯಿ ದವಾಖಾನಿ ಎಲ್ಲಿ ಬರತೈತಿ ಅಕ್ಕಾ?" ಅಂತ ಕೇಳಿದಳು. ಆಮೇಲೆ ಇನ್ನಿಬ್ಬರು ಬಂದರು. ನಾಚಿಕೆ ಅಲ್ಲಿಗೆ ಮುಗಿಯಿತು.

ಎರಡೂ ಗುಳಿಗೆ ಸೇರಿದ ಮೊದಲ ತಿಂಗಳ ಕೊನೆಯ ಸೋಮವಾರ, ಡಾಕ್ಟರಬಾಯಿ ಹೇಳಿದ ಹಾಗೆಯೇ ನಾನು ಹೊರಗಾಗಿದ್ದೆ. ಅಂಗಳದ ಕಟ್ಟೆಯ ಮೇಲೆ ಕೂತು ಕಿವಿ ಒಳಗಿಟ್ಟಿದ್ದೆ. ಸರ್ ಸರ್ ಅಂತ ಕಡೆಗೋಲು ತಿರುಗುತ್ತಿತ್ತು. ಮುದಿ ಕೈಗಳು ಆಗಾಗ ನಿಲ್ಲುತ್ತಿದ್ದವು, ಮತ್ತೆ ಹೊರಡುತ್ತಿದ್ದವು. ಸಪ್ಪಳ ಭಾರವಾಯಿತು.

"ಬಂತ್ರಿ ಅತ್ತೀ! ನೀರ ಬಿಡ್ರಿ!"

"ಬಿಟ್ನಿ!"

ಸ್ವಲ್ಪ ಹೊತ್ತಿಗೆ ಒಳಗಿಂದ, "ಕಟ್ಟೇತಿ!" ಅಂತ ಕೂಗು ಬಂತು. ಅದೇ ಗಳಿಗೆಗೆ ನನ್ನ ಎದೆಯಿಂದ ಝಳ ಎದ್ದಿತು. ಗುಳಿಗೆ ಮತ್ತೆ ಶುರುಮಾಡಿ ತಿಂಗಳೂ ಆಗಿರಲಿಲ್ಲ, ಅದು ಪೂರಾ ಬಿಟ್ಟಿರಲಿಲ್ಲ. ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೂತೆ. ಮುಖವೆಲ್ಲ ಬೆವರು.

ಮುಖಕ್ಕೆ ಗಾಳಿ ಬಂತು. ಕಣ್ಣು ತೆರೆದೆ. ಅತ್ತೆ ಹೊಸ್ತಿಲಿನಾಚೆ ಬಂದಿರಲಿಲ್ಲ. ತುಪ್ಪ ಕಾಯಿಸುವುದು ಬಾಕಿ ಇತ್ತು, ನನ್ನನ್ನು ಮುಟ್ಟುವಂತಿರಲಿಲ್ಲ. ಬಾಗಿಲಲ್ಲಿ ನಿಂತು, ಎರಡೂ ಕೈ ಚಾಚಿ, ಮೊರದಿಂದ ನನ್ನ ಕಡೆ ಬೀಸುತ್ತಿದ್ದರು.

"ಸಾಕ್ರಿ ಅತ್ತೀ, ಕೈ ನೋಯತಾವು!" ಅಂತ ಕೂಗಿದೆ.

ಅವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸದಂತೆ ಇದ್ದರು. ನನ್ನ ಬೆವರು ಆರುವವರೆಗೂ ಬೀಸಿ, ಆಮೇಲೆ ತುಪ್ಪ ಕಾಯಿಸಲು ಒಳಗೆ ಹೋದರು.